ಪುಟ್ಟ ಮಕ್ಕಳೊಂದಿಗೆ ಹ್ಯಾಲೋವೀನ್: ಅಮೆರಿಕದ ಕನ್ನಡ ತಂದೆತಾಯಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಟೋಬರ್ ನಡುವೆ ಒಂದು ದಿನ ಮಗುವಿನ ಡೇಕೇರ್ ಚೀಲದಲ್ಲಿ ಕಿತ್ತಳೆ ಬಣ್ಣದ ಚೀಟಿಯೊಂದು ಮನೆಗೆ ಬರುತ್ತದೆ. ತಿಂಗಳ ಕೊನೆಯ ದಿನ ಮಗುವಿಗೆ ವೇಷ ಹಾಕಿ ಕಳುಹಿಸಿ, ತಿನಿಸು ತರುವುದಾದರೆ ಕಡಲೆಕಾಯಿ ಸೇರದ್ದನ್ನು ತನ್ನಿ ಎಂದು ಅದರಲ್ಲಿ ಬರೆದಿರುತ್ತದೆ. ನಮ್ಮ ಬಾಲ್ಯದಲ್ಲಿ ಇಲ್ಲದ ಹಬ್ಬವೊಂದನ್ನು ನಮ್ಮ ಮಕ್ಕಳಿಗೆ ಮಾಡಿಸಬೇಕಾದ ಫಜೀತಿ ಅಲ್ಲಿಂದ ಆರಂಭ. ಒಂದರಿಂದ ಆರು ವರ್ಷದೊಳಗಿನ ಮಕ್ಕಳಿರುವ ಮನೆಗಳಿಂದ ವರ್ಷವರ್ಷವೂ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ದೊಡ್ಡ ಮಕ್ಕಳ ಪಾರ್ಟಿ, ಹೆದರಿಸುವ ಭೂತಬಂಗಲೆ ಮುಂತಾದವು ಇಲ್ಲಿನ ವಿಷಯವಲ್ಲ.

ಹ್ಯಾಲೋವೀನ್ ಎಂದರೆ ನಿಜವಾಗಿ ಏನು? ಅದು ಕ್ರೈಸ್ತರ ಹಬ್ಬವೇ, ದೆವ್ವಗಳ ಹಬ್ಬವೇ?

ಪಶ್ಚಿಮದ ಕ್ರೈಸ್ತ ಸಂಪ್ರದಾಯದಲ್ಲಿ ನವೆಂಬರ್ 1 ಎಲ್ಲ ಸಂತರ ದಿನ, ನವೆಂಬರ್ 2 ತೀರಿಕೊಂಡವರೆಲ್ಲರಿಗಾಗಿ ಪ್ರಾರ್ಥಿಸುವ ದಿನ. ಸಂತರ ದಿನದ ಹಿಂದಿನ ಸಂಜೆಗಿದ್ದ ಉದ್ದನೆಯ ಇಂಗ್ಲಿಷ್ ಹೆಸರು ಆಡುಮಾತಿನಲ್ಲಿ ಸವೆದು ಸವೆದು ಹ್ಯಾಲೋವೀನ್ ಆಯಿತು. ಅದಕ್ಕೂ ಹಿಂದೆ ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಕೆಲ್ಟಿಕ್ ಜನರು ಇದೇ ಹೊತ್ತಿಗೆ ಬೇಸಿಗೆ ಮುಗಿದು ಚಳಿಗಾಲ ಹೊಕ್ಕುವ ಹಬ್ಬವೊಂದನ್ನು ಆಚರಿಸುತ್ತಿದ್ದರು. ಅದರ ಹೆಸರನ್ನು ‘ಸಾವಿನ್’ ಎಂದು ಉಚ್ಚರಿಸುತ್ತಾರೆ. ಕನ್ನಡದ ಕಿವಿಗೆ ಅದು ಬೇರೇನನ್ನೋ ಹೇಳಿದಂತೆ ಕೇಳಿಸುವುದು ಕೇವಲ ಕಾಕತಾಳೀಯ. ಆ ಸಂಧಿಕಾಲದ ರಾತ್ರಿ ಸತ್ತವರ ಲೋಕಕ್ಕೂ ಬದುಕಿರುವವರ ಲೋಕಕ್ಕೂ ನಡುವಿನ ತೆರೆ ತೆಳುವಾಗುತ್ತದೆ ಎಂಬ ನಂಬಿಕೆಯಿತ್ತು. ಇಂದಿನ ಆಚರಣೆಯಲ್ಲಿ ಎಷ್ಟು ಅಂಶ ಆ ಹಳೆಯ ಹಬ್ಬದ್ದು, ಎಷ್ಟು ಚರ್ಚಿನದು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಅದರ ಅಮೆರಿಕನ್ ಚರಿತ್ರೆ. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಭೀಕರ ಕ್ಷಾಮ ಬಂದಾಗ ಲಕ್ಷಾಂತರ ಜನ ಅಮೆರಿಕಕ್ಕೆ ಬಂದರು. ಅವರೊಂದಿಗೂ ಸ್ಕಾಟರೊಂದಿಗೂ ಈ ಹಬ್ಬ ಬಂತು. ತಮ್ಮ ನಾಡಿನಲ್ಲಿ ಟರ್ನಿಪ್ ಗಡ್ಡೆಯನ್ನು ಕೊರೆದು ದೀಪವಿಡುತ್ತಿದ್ದವರಿಗೆ ಇಲ್ಲಿ ದೊಡ್ಡದೂ ಮೆತ್ತನೆಯದೂ ಆದ ಕುಂಬಳಕಾಯಿ ಸಿಕ್ಕಿತು. ಮುಂದೆ ಈ ರಾತ್ರಿ ಪಡ್ಡೆ ಹುಡುಗರ ಕೀಟಲೆಗೆ ಹೆಸರಾಯಿತು. ಆ ಪುಂಡಾಟವನ್ನು ಹದ್ದುಬಸ್ತಿಗೆ ತರಲೆಂದೇ ಮಿನೆಸೋಟದ ಅನೋಕಾ ಎಂಬ ಊರಿನವರು 1920ರಲ್ಲಿ ಮೆರವಣಿಗೆ ಏರ್ಪಡಿಸಿದರು. ಮನೆ ಮನೆಗೆ ಹೋಗಿ ಸಿಹಿ ಕೇಳುವ ಪದ್ಧತಿ 1930ರ ದಶಕದಲ್ಲಿ ಹರಡಿ, ಎರಡನೆಯ ಮಹಾಯುದ್ಧದ ಕಾಲದ ಸಕ್ಕರೆ ರೇಷನ್ನಿನಿಂದ ಕುಂಠಿತವಾಗಿ, ರೇಷನ್ ಮುಗಿದ 1947ರ ನಂತರ ದೇಶವ್ಯಾಪಿಯಾಯಿತು. ಎಂದರೆ ನಾವು ನೋಡುತ್ತಿರುವ ಹ್ಯಾಲೋವೀನ್ ಹೆಚ್ಚುಕಡಿಮೆ ನಮ್ಮ ಅಜ್ಜಿಯರಷ್ಟೇ ವಯಸ್ಸಿನದು. ಇಂದು ಅದನ್ನು ಆಚರಿಸುವ ಬಹುಪಾಲು ಮನೆಗಳಲ್ಲಿ ಯಾವ ಪೂಜೆಯೂ ಪ್ರಾರ್ಥನೆಯೂ ಇರುವುದಿಲ್ಲ.

ಮೂರು ವರ್ಷದ ಮಗುವಿಗೆ ಇದನ್ನು ಹೇಗೆ ವಿವರಿಸುವುದು?

ಮೇಲಿನ ಚರಿತ್ರೆ ಮಗುವಿಗೆ ಬೇಡ. ‘ಆ ದಿನ ಎಲ್ಲರೂ ವೇಷ ಹಾಕಿಕೊಳ್ಳುತ್ತಾರೆ, ನಾವು ಪಕ್ಕದ ಮನೆಗಳ ಬೆಲ್ ಒತ್ತುತ್ತೇವೆ, ಅವರು ಒಂದು ಸಿಹಿ ಕೊಡುತ್ತಾರೆ, ನೀನು ಥ್ಯಾಂಕ್ ಯೂ ಹೇಳಬೇಕು’ ಎಂದರೆ ಸಾಕು. ಹಳೆಯ ಮೈಸೂರು ಕಡೆಯಲ್ಲಿ ಬೆಳೆದವರಿಗೆ ಇದು ಅಪರಿಚಿತವೇನಲ್ಲ: ನವರಾತ್ರಿಯ ಸಂಜೆಗಳಲ್ಲಿ ಮಕ್ಕಳ ದಂಡು ಬೀದಿಯ ಬಾಗಿಲುಗಳಲ್ಲಿ ‘ಬೊಂಬೆ ಕೂರಿಸಿದ್ದೀರಾ?’ ಎಂದು ಕೇಳಿಕೊಂಡು ಹೋಗಿ, ಬೊಂಬೆ ನೋಡಿದ ನೆಪದಲ್ಲಿ ಕೈತುಂಬ ಚರಪು ಪಡೆದು ಬರುತ್ತಿತ್ತು. ಆ ನೆನಪನ್ನು ಮಗುವಿಗೆ ಹೇಳಿದರೆ ಅದಕ್ಕೆ ಅಮ್ಮನೂ ಚಿಕ್ಕವಳಾಗಿದ್ದಳು ಎಂಬ ಆಶ್ಚರ್ಯ ಬೇರೆ ದೊರೆಯುತ್ತದೆ. ವೇಷ ಎಂಬುದಕ್ಕಂತೂ ನಮ್ಮ ಶಾಲೆಗಳ ಛದ್ಮವೇಷ ಸ್ಪರ್ಧೆಯೇ ಸಾಕಷ್ಟು ಉದಾಹರಣೆ.

‘ಟ್ರಿಕ್ ಆರ್ ಟ್ರೀಟ್’ ಎಂದರೆ ‘ಏನಾದರೂ ಕೊಡಿ, ಇಲ್ಲವಾದರೆ ಕೀಟಲೆ ಮಾಡುತ್ತೇವೆ’ ಎಂಬ ಹುಸಿ ಬೆದರಿಕೆ. ಇಂದು ಅದು ಬರಿಯ ಮಂಗಳವಾಕ್ಯವಾಗಿ ಉಳಿದಿದೆ. ಮಾತು ಬಾರದ ಮಗು ಸುಮ್ಮನೆ ಬುಟ್ಟಿ ಚಾಚಿದರೂ ಯಾರೂ ತಪ್ಪು ತಿಳಿಯುವುದಿಲ್ಲ.

ಊರಿನಿಂದ ಬಂದಿರುವ ಅಜ್ಜಿ-ತಾತ ಬಾಗಿಲಲ್ಲಿ ತಲೆಬುರುಡೆ ಇಡುವುದು ಅಪಶಕುನ ಎನ್ನುತ್ತಾರೆ. ಏನು ಹೇಳಬೇಕು?

ಅವರ ಮಾತನ್ನು ತಳ್ಳಿಹಾಕುವ ಮೊದಲು ಅದರಲ್ಲಿರುವ ತಿಳಿವನ್ನು ಗಮನಿಸಬೇಕು. ಎರಡು ವರ್ಷದ ಮಗು ದಿನಕ್ಕೆ ನಾಲ್ಕು ಬಾರಿ ಹಾದುಹೋಗುವ ಬಾಗಿಲಿನಲ್ಲಿ ತಲೆಬುರುಡೆ ಇರುವುದು ಅಷ್ಟೇನೂ ಒಳ್ಳೆಯದಲ್ಲ; ಕುಂಬಳಕಾಯಿ, ಜೋಳದ ದಂಟು, ಸೇವಂತಿಗೆ ಕುಂಡ ಇಷ್ಟಿದ್ದರೂ ಮನೆ ಹಬ್ಬದ ಮನೆಯಂತೆಯೇ ಕಾಣುತ್ತದೆ. ಮಿಕ್ಕ ವಿಷಯಕ್ಕೆ, ‘ಅತ್ತೆ, ಮನೆ ಕಟ್ಟುವಾಗ ನಾವು ಬೂದುಗುಂಬಳಕ್ಕೆ ರಾಕ್ಷಸನ ಮುಖ ಬರೆದು ತೂಗುಹಾಕುವುದಿಲ್ಲವೇ, ಇವರದೂ ಹಾಗೆಯೇ’ ಎಂದು ಸಮಾಧಾನವಾಗಿ ಹೇಳಬಹುದು. ಕೆಟ್ಟದ್ದನ್ನು ಹೆದರಿಸಿ ಓಡಿಸಲು ಭಯಂಕರವಾದ ಮುಖ ಬರೆಯುವ ಯೋಚನೆ ಎರಡು ಕಡೆಯೂ ಇದೆ. ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ವಾಪಸು ಕಳುಹಿಸಿದ ನಾಡಿನವರು ನಾವು. ದೆವ್ವದೊಡನೆ ತಮಾಷೆ ಮಾಡುವ ಜನರನ್ನು ಕಂಡು ಬೆರಗಾಗಬೇಕಿಲ್ಲ. ಇನ್ನು ತೀರಿಕೊಂಡ ಹಿರಿಯರನ್ನು ನೆನೆಯುವ ನಮ್ಮ ಮಹಾಲಯ ಅಮಾವಾಸ್ಯೆ ಕೂಡ ಇದಕ್ಕೆ ಕೆಲವು ವಾರಗಳ ಮೊದಲಷ್ಟೇ ಬಂದು ಹೋಗಿರುತ್ತದೆ.

ಬಾಗಿಲಿನಲ್ಲಿ ನಿಂತು ಸಿಹಿ ಹಂಚುವ ಕೆಲಸವನ್ನು ಅವರಿಗೇ ಒಪ್ಪಿಸಿ ನೋಡಿ. ಮೊದಲ ಹತ್ತು ಮಕ್ಕಳು ಬಂದು ಹೋಗುವಷ್ಟರಲ್ಲಿ ಅಪಶಕುನದ ಮಾತು ಮರೆತು, ‘ಪಾಪ, ಆ ಸಣ್ಣದಕ್ಕೆ ಇನ್ನೊಂದು ಹಾಕು’ ಎನ್ನತೊಡಗುತ್ತಾರೆ.

ಎಷ್ಟನೆಯ ವಯಸ್ಸಿನಿಂದ ಮನೆ ಮನೆಗೆ ಕರೆದುಕೊಂಡು ಹೋಗಬಹುದು? ಎಷ್ಟು ಹೊತ್ತು?

ಒಂದು ವರ್ಷ ತುಂಬದ ಕೂಸಿಗೆ ವೇಷ ಹಾಕಿ ಫೋಟೋ ತೆಗೆಯುವುದು ದೊಡ್ಡವರ ಸಂತೋಷಕ್ಕೆ ಮಾತ್ರ. ಅದನ್ನು ಹತ್ತು ನಿಮಿಷದಲ್ಲಿ ಮುಗಿಸಿ. ನಡೆಯಲು ಕಲಿತ ಮಗುವಿಗೆ ಪರಿಚಯದ ಮೂರೋ ನಾಲ್ಕೋ ಮನೆಗಳು ಸಾಕು. ಮೂರು-ನಾಲ್ಕು ವರ್ಷದವರಿಗೆ ಅರ್ಧ ಗಂಟೆ, ಐದು-ಆರು ವರ್ಷದವರಿಗೆ ಒಂದು ಗಂಟೆ ಎಂಬ ಅಂದಾಜು ಹೆಚ್ಚಿನ ಮನೆಗಳಲ್ಲಿ ಸರಿಹೊಂದುತ್ತದೆ. ಕೊನೆಯ ಮನೆ ಯಾವುದೆಂದು ಹೊರಡುವ ಮೊದಲೇ ಮಗುವಿಗೆ ಹೇಳಿರಬೇಕು. ‘ಇನ್ನೊಂದೇ ಒಂದು’ ಎಂಬ ಹಟ ಮತ್ತು ಅಳು ಬರುವುದು ಮಗುವಿಗೆ ಆಸೆ ಹೆಚ್ಚಾಗಿ ಅಲ್ಲ, ದಣಿವಾಗಿ.

ಹೊರಡುವ ಹೊತ್ತನ್ನು ಸೂರ್ಯ ನಿರ್ಧರಿಸಲಿ. ಅಕ್ಟೋಬರ್ 31ರಂದು ಶಿಕಾಗೋದಲ್ಲಿ ಸುಮಾರು ಐದೂ ಮುಕ್ಕಾಲಿಗೆ ಸೂರ್ಯಾಸ್ತವಾದರೆ ಡಲಾಸಿನಲ್ಲಿ ಆರೂವರೆ ದಾಟಿರುತ್ತದೆ. 2007ಕ್ಕೆ ಮೊದಲು ಅಕ್ಟೋಬರಿನ ಕೊನೆಯ ಭಾನುವಾರವೇ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಲಾಗುತ್ತಿದ್ದುದರಿಂದ ಹ್ಯಾಲೋವೀನ್ ಸಂಜೆಗೆ ಬೇಗನೆ ಕತ್ತಲಾಗುತ್ತಿತ್ತು. ಈಗ ಆ ಬದಲಾವಣೆ ನವೆಂಬರಿನ ಮೊದಲ ಭಾನುವಾರಕ್ಕೆ ಹೋಗಿರುವುದರಿಂದ ಪುಟ್ಟ ಮಕ್ಕಳಿಗೆ ಇನ್ನೊಂದಿಷ್ಟು ಬೆಳಕು ಸಿಗುತ್ತದೆ. ಆ ಬೆಳಕಿನಲ್ಲೇ ಹೋಗಿ ಬಂದುಬಿಡಿ. ಅನೇಕ ಊರುಗಳ ನಗರಸಭೆಗಳು ಇದಕ್ಕೆಂದೇ ಸಮಯವನ್ನು ಪ್ರಕಟಿಸುತ್ತವೆ, ಕೆಲವೆಡೆ ದಿನವೂ ಬೇರೆ: ಅಯೋವಾದ ಡಿ ಮೊಯ್ನ್ ನಗರದಲ್ಲಿ ದಶಕಗಳ ಕಾಲ 30ರ ರಾತ್ರಿಯೇ ಮಕ್ಕಳು ಹೊರಟು, ಸಿಹಿ ಪಡೆಯುವ ಮೊದಲು ಪ್ರತಿ ಬಾಗಿಲಲ್ಲೂ ಒಂದು ನಗೆಹನಿ ಹೇಳುವ ರೂಢಿಯಿತ್ತು. ಹೊಸದಾಗಿ ಮನೆ ಬದಲಿಸಿದವರು ಊರಿನ ಜಾಲತಾಣವನ್ನು ಒಮ್ಮೆ ನೋಡಿಕೊಳ್ಳುವುದು ಲೇಸು.

ಮುಂಬಾಗಿಲಿನ ದೀಪ ಉರಿಯುತ್ತಿದ್ದರೆ ಬನ್ನಿ ಎಂದರ್ಥ. ದೀಪವಿಲ್ಲದ ಮನೆಯ ಬೆಲ್ ಒತ್ತಬಾರದು. ಬಾಗಿಲು ತೆರೆದವರು ಎಷ್ಟೇ ಅಕ್ಕರೆಯಿಂದ ಕರೆದರೂ ಮಗು ಒಳಗೆ ಕಾಲಿಡುವುದಿಲ್ಲ ಎಂಬುದು ಇನ್ನೊಂದು ನಿಯಮ. ಬಂದವರನ್ನು ಒಳಗೆ ಕೂರಿಸಿ ಉಪಚರಿಸುವ ನಮ್ಮ ಪದ್ಧತಿಗೆ ಇದು ಒರಟಾಗಿ ಕಂಡರೂ ಇಲ್ಲಿ ಇದೇ ಶಿಷ್ಟಾಚಾರ.

ಮಗು ಹೆದರಿ ಅತ್ತರೆ ಏನು ಮಾಡಬೇಕು?

ಎತ್ತಿಕೊಂಡು ಅಲ್ಲಿಂದ ಹೊರಟುಬಿಡಬೇಕು. ‘ಅದು ಸುಳ್ಳು, ಪ್ಲಾಸ್ಟಿಕ್, ಮುಟ್ಟಿ ನೋಡು’ ಎಂಬ ತರ್ಕ ಎರಡರಿಂದ ನಾಲ್ಕು ವರ್ಷದ ಮಗುವಿನ ತಲೆಗೆ ಹೋಗುವುದಿಲ್ಲ, ಏಕೆಂದರೆ ತೋರಿಕೆಗೂ ನಿಜಕ್ಕೂ ಇರುವ ಗೆರೆ ಆ ವಯಸ್ಸಿನಲ್ಲಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಮುಖವಾಡ ಹಾಕಿಕೊಂಡ ಅಪ್ಪ ಅದಕ್ಕೆ ಅಪ್ಪನಾಗಿ ಉಳಿಯುವುದಿಲ್ಲ. ನಮ್ಮ ಮಗ ಎರಡು ವರ್ಷದವನಿದ್ದಾಗ ಒಂದು ಮನೆಯ ಮೆಟ್ಟಿಲ ಬಳಿ ಹೆಜ್ಜೆಯ ಸದ್ದಿಗೆ ತಟ್ಟನೆ ಎದ್ದು ಕಿರುಚುವ ಅಸ್ಥಿಪಂಜರವನ್ನು ಇಟ್ಟಿದ್ದರು. ನಾನು ನಕ್ಕೆ. ಅವನು ಮುಂದಿನ ಎರಡು ವಾರ ಆ ಬೀದಿಯ ಆ ಬದಿಯಲ್ಲಿ ನಡೆಯಲು ಒಪ್ಪಲಿಲ್ಲ, ಮತ್ತು ಆ ನಗುವನ್ನು ಅವನು ಸರಿಯಾಗಿ ಗಮನಿಸಿದ್ದನೆಂದು ನನಗೆ ಇಂದಿಗೂ ಅನ್ನಿಸುತ್ತದೆ.

ಹಾಗಾಗಿ ಹೋಗುವ ದಾರಿಯನ್ನು ಹಿಂದಿನ ದಿನ ಹಗಲಿನಲ್ಲಿ ನೀವೊಬ್ಬರೇ ನಡೆದು ನೋಡಿ. ಚಲಿಸುವ, ಕೂಗುವ, ಹೊಗೆಯುಗುಳುವ ಗೊಂಬೆಗಳಿರುವ ಮನೆಗಳನ್ನು ಬಿಟ್ಟುಬಿಡಿ. ಮಗುವಿನೊಂದಿಗೆ ಹಗಲಲ್ಲೇ ಅಂಗಡಿಯ ಅಲಂಕಾರಗಳನ್ನು ದೂರದಿಂದ ನೋಡುವುದು, ಮನೆಯಲ್ಲಿ ಮುಖವಾಡವನ್ನು ನಿಮ್ಮ ಮುಖದ ಮೇಲೆ ಇಟ್ಟು ತೆಗೆದು ಆಟವಾಡಿಸುವುದು ಸ್ವಲ್ಪಮಟ್ಟಿಗೆ ಸಹಾಯಕ. ‘ಊಟ ಮಾಡದಿದ್ದರೆ ಗುಮ್ಮ ಬರುತ್ತಾನೆ’ ಎಂದು ಹೇಳುವ ಅಭ್ಯಾಸ ಮನೆಯಲ್ಲಿದ್ದರೆ ಈ ತಿಂಗಳಾದರೂ ಅದಕ್ಕೆ ಬಿಡುವು ಕೊಡುವುದು ಒಳ್ಳೆಯದು, ಏಕೆಂದರೆ ಬೀದಿ ತುಂಬ ಗುಮ್ಮಗಳೇ ನಿಂತಿರುವಾಗ ಆ ಮಾತಿಗೆ ಪುರಾವೆ ಸಿಕ್ಕಂತಾಗುತ್ತದೆ.

ವೇಷ ಹೇಗಿರಬೇಕು?

ಮಗು ಅದನ್ನು ಹಾಕಿಕೊಂಡು ಮೆಟ್ಟಿಲು ಹತ್ತುವಂತಿರಬೇಕು, ಶೌಚಕ್ಕೆ ಹೋಗುವಂತಿರಬೇಕು, ಕಣ್ಣು ಮೂಗು ತೆರೆದಿರಬೇಕು. ಇಷ್ಟನ್ನು ನೋಡಿಕೊಂಡರೆ ಮಿಕ್ಕಿದ್ದು ಇಷ್ಟಕ್ಕೆ ಬಿಟ್ಟದ್ದು. ಮುಖವಾಡಕ್ಕಿಂತ ಕೆನ್ನೆಯ ಮೇಲೆ ನಾಲ್ಕು ಮೀಸೆ ಬರೆದ ಬೆಕ್ಕೇ ಮೇಲು. ಬಣ್ಣವನ್ನು ಒಂದೆರಡು ದಿನ ಮೊದಲು ಮುಂಗೈಗೆ ಸ್ವಲ್ಪ ಹಚ್ಚಿ, ತುರಿಕೆಯಾಗುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಿ. ಕೊಳ್ಳುವ ವೇಷದ ಚೀಟಿಯಲ್ಲಿ ಬೆಂಕಿಗೆ ಸುಲಭವಾಗಿ ಹತ್ತಿಕೊಳ್ಳದ ಬಟ್ಟೆ ಎಂದು ನಮೂದಾಗಿರಲಿ. ರೇಷ್ಮೆ ಲಂಗ ತೊಡಿಸಿ ರಾಜಕುಮಾರಿಯನ್ನಾಗಿ ಮಾಡುವ ಆಸೆ ಅನೇಕರಿಗೆ ಇರುತ್ತದೆ. ನೆಲಕ್ಕೆ ತಾಗುವ ಅಂಚನ್ನು ಮೇಲಕ್ಕೆ ಮಡಿಸಿ ಹೊಲಿಯಿರಿ, ಮೆಟ್ಟಿಲುಗಳ ಮೇಲೆ ಮೇಣದಬತ್ತಿ ಉರಿಸಿದ ಕುಂಬಳಗಳು ಇರುತ್ತವೆಂಬುದನ್ನು ಮರೆಯಬೇಡಿ.

ಉತ್ತರದ ರಾಜ್ಯಗಳಲ್ಲಿ ಇರುವವರು ಜಾಕೆಟ್ಟಿನ ಮೇಲೆ ಹಿಡಿಸುವಷ್ಟು ದೊಡ್ಡ ವೇಷವನ್ನೇ ಕೊಳ್ಳುತ್ತಾರೆ. 1991ರ ಹ್ಯಾಲೋವೀನ್ ದಿನ ಆರಂಭವಾದ ಹಿಮಬಿರುಗಾಳಿ ಮಿನಿಯಾಪೊಲಿಸಿನಲ್ಲಿ 28 ಇಂಚಿಗೂ ಹೆಚ್ಚು ಹಿಮ ಸುರಿಸಿತ್ತು. ಸ್ವೆಟರಿನ ಮೇಲೆ ತೊಟ್ಟ ಚಿಟ್ಟೆಯ ರೆಕ್ಕೆಗಳನ್ನು ಅಲ್ಲಿನವರು ವಿಚಿತ್ರವೆಂದು ಎಣಿಸುವುದಿಲ್ಲ.

ಕೃಷ್ಣನ ಅಥವಾ ಹನುಮಂತನ ವೇಷ ಹಾಕಿಸಬಹುದೇ?

ಇದಕ್ಕೆ ಒಂದೇ ಉತ್ತರವಿಲ್ಲ. ಜನ್ಮಾಷ್ಟಮಿಗೆ ತಂದ ನವಿಲುಗರಿ, ಕೊಳಲು ಕಪಾಟಿನಲ್ಲಿ ಇರುತ್ತವೆ, ಮಗುವಿಗೂ ಇಷ್ಟ; ಹಾಕಿಸಿದರೆ ಅಪಚಾರವೇನೂ ಆಗದೆಂದು ಕೆಲವರು ನಂಬುತ್ತಾರೆ. ನನ್ನ ಅಭಿಪ್ರಾಯ ಬೇರೆ: ಮಾಟಗಾತಿ, ರಕ್ತಪಿಶಾಚಿಗಳ ಸಾಲಿನಲ್ಲಿ ನಿಂತಾಗ ಕೃಷ್ಣನೂ ಒಂದು ‘ಕ್ಯಾರೆಕ್ಟರ್’ ಆಗಿಬಿಡುತ್ತಾನೆ, ಮತ್ತು ಬಾಗಿಲು ಬಾಗಿಲಲ್ಲಿ ‘ನೀನು ಯಾರು, ನವಿಲೋ?’ ಎಂದು ಕೇಳಿಸಿಕೊಂಡ ಮಗುವಿನ ಮುಖ ಸಣ್ಣದಾಗುತ್ತದೆ. ಕರಾವಳಿಯವರು ಹುಲಿವೇಷ ಹಾಕಿಸಲಿ. ಹುಲಿಯನ್ನು ಗುರುತಿಸದವರು ಯಾರೂ ಇಲ್ಲ. ಇದೇ ನ್ಯಾಯದಿಂದ, ಇಲ್ಲಿನ ಮೂಲನಿವಾಸಿಗಳ ಗರಿಯ ಕಿರೀಟವನ್ನಾಗಲಿ ಮತ್ತೊಂದು ಜನಾಂಗದ ಉಡುಪನ್ನಾಗಲಿ ನಮ್ಮ ಮಕ್ಕಳಿಗೆ ವೇಷವೆಂದು ತೊಡಿಸಬಾರದು.

ರಸ್ತೆಯಲ್ಲಿ ಏನು ಎಚ್ಚರ ವಹಿಸಬೇಕು?

ಈ ಹಬ್ಬದ ನಿಜವಾದ ಅಪಾಯ ಇರುವುದು ಇಲ್ಲಿ. ಭೂತದಲ್ಲೂ ಅಲ್ಲ, ಕ್ಯಾಂಡಿಯಲ್ಲೂ ಅಲ್ಲ, ಕಾರಿನಲ್ಲಿ. 1975ರಿಂದ 2016ರವರೆಗಿನ 42 ಹ್ಯಾಲೋವೀನ್ ಸಂಜೆಗಳನ್ನು ಅವುಗಳ ಒಂದು ವಾರ ಹಿಂದಿನ ಮತ್ತು ಮುಂದಿನ ಸಂಜೆಗಳೊಂದಿಗೆ ಹೋಲಿಸಿದ, ಜಾಮಾ ಪೀಡಿಯಾಟ್ರಿಕ್ಸ್ ನಿಯತಕಾಲಿಕದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪಾದಚಾರಿಗಳು ವಾಹನಕ್ಕೆ ಸಿಕ್ಕಿ ಸಾಯುವ ಸಂಭವ ಆ ಸಂಜೆ 43 ಶೇಕಡಾ ಹೆಚ್ಚು; ನಾಲ್ಕರಿಂದ ಎಂಟು ವರ್ಷದ ಮಕ್ಕಳಲ್ಲಂತೂ ಅದು ಹತ್ತು ಪಟ್ಟು. ಕಾರಣಗಳನ್ನು ಊಹಿಸುವುದು ಕಷ್ಟವಲ್ಲ: ಕತ್ತಲು, ಕಪ್ಪು ಬಟ್ಟೆ, ಕಣ್ಣಿಗೆ ಅಡ್ಡ ಬರುವ ಮುಖವಾಡ, ಎದುರು ಬದಿಯ ಮನೆಯಲ್ಲಿ ದೊಡ್ಡ ಚಾಕೊಲೇಟ್ ಕೊಡುತ್ತಾರೆಂದು ನಿಂತಿರುವ ಕಾರುಗಳ ನಡುವಿನಿಂದ ಓಡುವ ಮಗು.

ಆದ್ದರಿಂದ ರಸ್ತೆಯ ಒಂದು ಬದಿಯನ್ನು ಪೂರ್ತಿ ಮುಗಿಸಿ, ಆಮೇಲೆ ಮೂಲೆಯಲ್ಲಿ ಒಮ್ಮೆ ಮಾತ್ರ ದಾಟಿ ಇನ್ನೊಂದು ಬದಿಗೆ ಹೋಗಿ. ಆರು ವರ್ಷದೊಳಗಿನ ಮಗುವಿನ ಕೈ ನಿಮ್ಮ ಕೈಯಲ್ಲೇ ಇರಲಿ, ಫೋನು ಜೇಬಿನಲ್ಲಿರಲಿ. ಬೆನ್ನಿಗೂ ಬುಟ್ಟಿಗೂ ಬೆಳಕನ್ನು ಪ್ರತಿಫಲಿಸುವ ಪಟ್ಟಿ ಅಂಟಿಸಿ, ಸ್ಟ್ರೋಲರಿಗೂ ಒಂದು ಅಂಟಿಸಿ. ಹೊಳೆಯುವ ಗ್ಲೋ ಸ್ಟಿಕ್ ಕೊಟ್ಟರೆ ಮಗು ಅದನ್ನು ಕಚ್ಚದಂತೆ ನೋಡಿಕೊಳ್ಳಬೇಕು. ಕಚ್ಚಿದರೆ ಒಳಗಿನ ದ್ರವ ಬಾಯಿಯನ್ನು ಉರಿಸುತ್ತದೆ. ಬಾಯಿ ತೊಳೆದು, ನೀರು ಕುಡಿಸಿ, ಹಗಲು ರಾತ್ರಿ ಉಚಿತವಾಗಿ ಸಲಹೆ ನೀಡುವ ಪಾಯ್ಸನ್ ಕಂಟ್ರೋಲ್ ಸಂಖ್ಯೆ 1-800-222-1222ಕ್ಕೆ ಕರೆ ಮಾಡಿ. ಅಂದು ನೀವು ಕಾರು ಓಡಿಸುವವರಾದರೆ, ಸಾಧ್ಯವಾದಷ್ಟೂ ಐದರಿಂದ ಒಂಬತ್ತರವರೆಗೆ ಓಡಿಸಬೇಡಿ.

ಕ್ಯಾಂಡಿಯಲ್ಲಿ ವಿಷ, ಬ್ಲೇಡು ಇಡುತ್ತಾರೆ ಎಂಬ ಸುದ್ದಿ ವಾಟ್ಸ್ಆ್ಯಪಿನಲ್ಲಿ ಪ್ರತಿ ವರ್ಷ ಬರುತ್ತದೆ. ನಿಜವೇ?

ಡೆಲವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್ ದಶಕಗಳಿಂದ ಇಂಥ ವರದಿಗಳನ್ನು ಬೆನ್ನುಹತ್ತಿ ಪರಿಶೀಲಿಸುತ್ತಾ ಬಂದಿದ್ದಾರೆ. ಅಪರಿಚಿತರು ಹ್ಯಾಲೋವೀನ್ ದಿನ ಕಂಡಕಂಡ ಮಕ್ಕಳಿಗೆ ವಿಷದ ಸಿಹಿ ಹಂಚಿ ಮಗುವೊಂದು ಸತ್ತದ್ದಕ್ಕೆ ದೃಢಪಟ್ಟ ಒಂದು ಪ್ರಕರಣವೂ ಅವರಿಗೆ ಸಿಕ್ಕಿಲ್ಲ. 1974ರಲ್ಲಿ ಟೆಕ್ಸಸಿನಲ್ಲಿ ಸಯನೈಡ್ ಬೆರೆಸಿದ ಸಿಹಿಯಿಂದ ಬಾಲಕನೊಬ್ಬ ಸತ್ತದ್ದು ನಿಜ, ಆದರೆ ಅದನ್ನು ಕೊಟ್ಟವನು ವಿಮೆಯ ಹಣಕ್ಕೆ ಆಸೆಪಟ್ಟ ಅವನ ಸ್ವಂತ ತಂದೆ.

ಹಾಗೆಂದು ಬುಟ್ಟಿಯನ್ನು ನೋಡದೆ ಬಿಡಬೇಕೆಂದಲ್ಲ. ಹೊದಿಕೆ ಹರಿದದ್ದು, ಮನೆಯಲ್ಲಿ ಮಾಡಿ ಪೊಟ್ಟಣ ಕಟ್ಟಿದ್ದು ಅಪರಿಚಿತರಿಂದ ಬಂದಿದ್ದರೆ ಎಸೆಯಿರಿ. ಗಾಂಜಾ ಕಾನೂನುಬದ್ಧವಾಗಿರುವ ರಾಜ್ಯಗಳಲ್ಲಿ ಅದನ್ನು ಬೆರೆಸಿದ ಸಿಹಿಗಳು ಮಾಮೂಲಿ ಕ್ಯಾಂಡಿಯಂತೆಯೇ ಕಾಣುತ್ತವೆ. ಮಕ್ಕಳು ಅದನ್ನು ತಿಂದು ಆಸ್ಪತ್ರೆ ಸೇರುವುದು ಸಾಮಾನ್ಯವಾಗಿ ಹ್ಯಾಲೋವೀನ್ ಬುಟ್ಟಿಯಿಂದಲ್ಲ, ದೊಡ್ಡವರು ಮನೆಯಲ್ಲಿ ಎಲ್ಲೆಂದರಲ್ಲಿ ಇಟ್ಟದ್ದರಿಂದ.

ಇದಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಗಂಟಲಿನ ವಿಷಯದಲ್ಲಿ. ನಾಲ್ಕು ವರ್ಷದೊಳಗಿನ ಮಗುವಿಗೆ ಗಟ್ಟಿ ಪೆಪ್ಪರಮಿಂಟಿನಂಥ ಕ್ಯಾಂಡಿ, ಇಡೀ ಕಡಲೆಬೀಜ, ಬಾದಾಮಿ, ಪಾಪ್‌ಕಾರ್ನ್, ಅಂಟಂಟಾದ ಕ್ಯಾರಮೆಲ್ ಇವು ಯಾವುವೂ ಸಲ್ಲವು. ನಡೆಯುತ್ತಾ ಓಡುತ್ತಾ ತಿನ್ನುವುದೂ ಬೇಡ. ಮನೆಗೆ ಬಂದು, ಕೂತು, ನೋಡಿ, ಆಮೇಲೆ. ಹೊರಡುವ ಮೊದಲು ಹೊಟ್ಟೆತುಂಬ ಊಟ ಮಾಡಿಸಿದ್ದರೆ ಈ ನಿಯಮವನ್ನು ಮಗು ಒಪ್ಪುತ್ತದೆ. ಮೊಸರನ್ನ ಹಾಕಿ ಹೊರಡಿಸಿದ ಮಕ್ಕಳು ಹೆಚ್ಚು ತಕರಾರು ಮಾಡುವುದಿಲ್ಲ.

ನಾವು ಸಸ್ಯಾಹಾರಿಗಳು. ಯಾವ ಕ್ಯಾಂಡಿ ಕೊಡಬಹುದು?

ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಾಟಿನ್ ಇಲ್ಲಿ ಮುಖ್ಯ ತೊಡಕು. ಗಮ್ಮಿ ಕರಡಿಗಳು, ಮಾರ್ಷ್‌ಮ್ಯಾಲೊ, ಸ್ಟಾರ್‌ಬರ್ಸ್ಟ್, ಸಾಮಾನ್ಯವಾಗಿ ಸಿಗುವ ಮೂರು ಬಣ್ಣದ ಕ್ಯಾಂಡಿ ಕಾರ್ನ್ ಇವುಗಳಲ್ಲಿ ಅದು ಇರುತ್ತದೆ. ಹರ್ಷೀಸ್ ಮಿಲ್ಕ್ ಚಾಕೊಲೇಟ್, ಕಿಟ್ ಕ್ಯಾಟ್, ರೀಸಸ್ ಕಪ್, ಸ್ಕಿಟಲ್ಸ್, ಡಮ್ ಡಮ್ಸ್‌ಗಳಲ್ಲಿ ಇಲ್ಲ. ಮೊಟ್ಟೆಯನ್ನೂ ಬಿಟ್ಟವರು ಇನ್ನೊಂದನ್ನು ಗಮನಿಸಬೇಕು: ಸ್ನಿಕರ್ಸ್, ಮಿಲ್ಕಿ ವೇ ಎರಡರಲ್ಲೂ ಮೊಟ್ಟೆಯ ಬಿಳಿಭಾಗವಿದೆ. ಕೆಂಪು ಬಣ್ಣಕ್ಕೆ ಬಳಸುವ ಕಾರ್ಮೈನ್ ಕೀಟದಿಂದ ಬರುವಂಥದು; ಹೊಳಪಿಗೆ ಬಳಿಯುವ ಕನ್ಫೆಕ್ಷನರ್ಸ್ ಗ್ಲೇಜ್ ಎಂದರೆ ನಮ್ಮ ಅರಗೇ. ಯಹೂದಿಯರ ಆಹಾರ ನಿಯಮಕ್ಕೆ ಒಪ್ಪುತ್ತದೆಂದು ಹೇಳುವ ಕೋಷರ್ ಗುರುತು ಇದ್ದಮಾತ್ರಕ್ಕೆ ಸಸ್ಯಾಹಾರಿ ಎಂದುಕೊಳ್ಳಬಾರದು, ಮೀನಿನ ಜೆಲಾಟಿನ್ನಿಗೂ ಆ ಗುರುತು ಸಿಗುತ್ತದೆ. ತಯಾರಕರು ಪದಾರ್ಥಗಳನ್ನು ಬದಲಿಸುತ್ತಿರುವುದರಿಂದ ಲೇಬಲ್ ಓದುವ ಕೆಲಸ ಪ್ರತಿ ವರ್ಷವೂ ತಪ್ಪದು.

ಬಾಗಿಲಲ್ಲಿ ನಿಂತು ‘ಇದು ಬೇಡ, ಅದು ಕೊಡಿ’ ಎನ್ನುವುದು ಸಭ್ಯತೆಯಲ್ಲ. ಕೊಟ್ಟದ್ದನ್ನು ಮಗು ತೆಗೆದುಕೊಳ್ಳಲಿ. ಮನೆಯಲ್ಲಿ ಬುಟ್ಟಿಯನ್ನು ನೆಲದ ಮೇಲೆ ಸುರಿದು, ತಿನ್ನಬಾರದ ಪ್ರತಿಯೊಂದಕ್ಕೂ ತಿನ್ನಬಹುದಾದ ಒಂದನ್ನು ನೀವು ಬದಲಿಗೆ ಕೊಡಿ. ನಾಲ್ಕು ವರ್ಷದ ಮಗುವಿಗೆ ಈ ವ್ಯಾಪಾರವೇ ಬೀದಿ ಸುತ್ತಿದ್ದಕ್ಕಿಂತ ದೊಡ್ಡ ಆಟವಾಗುತ್ತದೆ.

ಮಗುವಿಗೆ ಅಲರ್ಜಿ ಇದೆ. ಮನೆಯಲ್ಲೇ ಇರಿಸಿಕೊಳ್ಳಬೇಕೇ?

ಬೇಕಿಲ್ಲ. ಮೆಟ್ಟಿಲ ಮೇಲೆ ನೀಲಿ-ಹಸಿರು ಬಣ್ಣದ ಕುಂಬಳ ಕಂಡರೆ ಆ ಮನೆಯಲ್ಲಿ ತಿನಿಸಲ್ಲದ ಉಡುಗೊರೆಯೂ ಇದೆ ಎಂದರ್ಥ. 2012ರಲ್ಲಿ ಟೆನಿಸೀ ರಾಜ್ಯದಲ್ಲಿ ಸಣ್ಣದಾಗಿ ಆರಂಭವಾದ ಈ ಪದ್ಧತಿಯನ್ನು 2014ರಲ್ಲಿ ಆಹಾರದ ಅಲರ್ಜಿ ಇರುವವರಿಗಾಗಿ ಕೆಲಸ ಮಾಡುವ ಫೇರ್ ಎಂಬ ಸಂಸ್ಥೆ ದೇಶಕ್ಕೆಲ್ಲ ಹರಡಿತು. ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ ಜಾತಿಯವು, ಮರದ ಬೀಜಗಳು, ಕಡಲೆಕಾಯಿ, ಗೋಧಿ, ಸೋಯಾ ಮತ್ತು 2023ರಿಂದ ಎಳ್ಳು, ಈ ಒಂಬತ್ತನ್ನು ಲೇಬಲಿನಲ್ಲಿ ಹೇಳಲೇಬೇಕೆಂದು ಇಲ್ಲಿನ ಕಾನೂನು ವಿಧಿಸುತ್ತದೆ. ಆದರೆ ಹ್ಯಾಲೋವೀನಿನ ಪುಟ್ಟ ಪೊಟ್ಟಣಗಳ ಪೂರ್ಣ ವಿವರ ಅನೇಕ ವೇಳೆ ದೊಡ್ಡ ಚೀಲದ ಮೇಲೆ ಮಾತ್ರ ಇರುತ್ತದೆ, ಮತ್ತು ಪುಟ್ಟದರ ಪದಾರ್ಥಗಳು ಅದೇ ಹೆಸರಿನ ದೊಡ್ಡದರಂತೆಯೇ ಇರಬೇಕೆಂದೇನೂ ಇಲ್ಲ. ವಿವರವಿಲ್ಲದ್ದನ್ನು ಕೊಡಬೇಡಿ, ತೀವ್ರ ಅಲರ್ಜಿಯಾದಾಗ ಚುಚ್ಚಲು ವೈದ್ಯರು ಬರೆದುಕೊಟ್ಟ ಎಪಿನೆಫ್ರಿನ್ ಪೆನ್ನು ಜೊತೆಯಲ್ಲಿರಲಿ.

ಅಷ್ಟೊಂದು ಸಿಹಿಯನ್ನು ಎಷ್ಟು ದಿನ, ಹೇಗೆ ತಿನ್ನಿಸುವುದು?

ದಂತವೈದ್ಯರ ಮಾತು ಇಲ್ಲಿ ನಮ್ಮ ಊಹೆಗೆ ವಿರುದ್ಧವಾಗಿದೆ. ದಿನವಿಡೀ ಒಂದೊಂದಾಗಿ ಚಪ್ಪರಿಸುವುದಕ್ಕಿಂತ ಊಟದ ಜೊತೆಯಲ್ಲೇ ಎರಡನ್ನು ತಿಂದು ಮುಗಿಸುವುದು ಹಲ್ಲಿಗೆ ಕಡಿಮೆ ಕೆಡುಕು, ಏಕೆಂದರೆ ಪ್ರತಿ ಬಾರಿ ಸಕ್ಕರೆ ಬಾಯಿಗೆ ಬಿದ್ದಾಗಲೂ ಬ್ಯಾಕ್ಟೀರಿಯಾಗಳು ಹೊಸದಾಗಿ ಆಮ್ಲ ತಯಾರಿಸುತ್ತವೆ. ಅಂಟುವ ಕ್ಯಾಂಡಿಗಿಂತ ಬೇಗ ಕರಗುವ ಚಾಕೊಲೇಟ್ ವಾಸಿ. ಹಬ್ಬದ ರಾತ್ರಿ ತುಸು ಧಾರಾಳವಾಗಿರಿ, ಮರುದಿನದಿಂದ ದಿನಕ್ಕೆ ಎರಡು ಎಂದು ನಿಗದಿ ಮಾಡಿ. ಉಳಿದದ್ದನ್ನು ತೂಕಕ್ಕೆ ಕೊಂಡು ಸೈನಿಕರಿಗೆ ಕಳುಹಿಸುವ ದಂತ ಚಿಕಿತ್ಸಾಲಯಗಳೂ ಇವೆ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಏನು ಮಾಡಬೇಕು?

ಅನೇಕ ಸಂಕೀರ್ಣಗಳಲ್ಲಿ ಕೆಳಗಿನ ಲಾಬಿಯಲ್ಲಿ ಒಂದು ಹಾಳೆ ಅಂಟಿಸಿರುತ್ತಾರೆ. ಮಕ್ಕಳು ಬಂದರೆ ಸರಿ ಎನ್ನುವವರು ಮನೆಸಂಖ್ಯೆ ಬರೆಯುತ್ತಾರೆ. ಇಲ್ಲದಿದ್ದರೆ ಶಾಲೆ, ಚರ್ಚ್‌ಗಳ ಪಾರ್ಕಿಂಗ್ ಜಾಗದಲ್ಲಿ ಕಾರುಗಳ ಡಿಕ್ಕಿಯನ್ನೇ ಅಲಂಕರಿಸಿ ಸಿಹಿ ಹಂಚುವ ‘ಟ್ರಂಕ್ ಆರ್ ಟ್ರೀಟ್’ ಇರುತ್ತದೆ. ವಾಹನ ಓಡದ, ಬೆಳಕಿರುವ ಜಾಗವಾದ್ದರಿಂದ ಮೂರು ವರ್ಷದೊಳಗಿನವರಿಗೆ ಅದು ಅನುಕೂಲವೇ. ಆದರೂ ಸಾಧ್ಯವಿದ್ದವರು ಒಂದೆರಡು ನಿಜವಾದ ಬಾಗಿಲುಗಳ ಬೆಲ್ ಒತ್ತಿಸಬೇಕೆಂದು ನನ್ನ ಸಲಹೆ. ವರ್ಷವಿಡೀ ಮುಚ್ಚಿದ ಗ್ಯಾರೇಜ್ ಬಾಗಿಲುಗಳನ್ನಷ್ಟೇ ಕಾಣುವ ಬೀದಿಯಲ್ಲಿ ಒಳಗೆ ಯಾರಿದ್ದಾರೆಂದು ಮಗುವಿಗೂ, ಅದಕ್ಕಿಂತ ಹೆಚ್ಚಾಗಿ ನಮಗೂ ತಿಳಿಯುವುದು ಈ ಒಂದು ಸಂಜೆಯಲ್ಲಿ.

ದೀಪಾವಳಿಯೂ ಅದೇ ವಾರ ಬಂದರೆ?

2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಿದ್ದು, ಬೆಳಗ್ಗೆ ಎಣ್ಣೆಸ್ನಾನ ಮಾಡಿದ ಮಕ್ಕಳು ಸಂಜೆ ಡೈನೊಸಾರುಗಳಾಗಿ ಹೊರಟರು. ಮಕ್ಕಳಿಗೆ ಇದರಲ್ಲಿ ಯಾವ ಗೊಂದಲವೂ ಇರುವುದಿಲ್ಲ, ಗೊಂದಲ ನಮಗೆ. ಒಂದು ಮಾತು ಮಾತ್ರ: ಹ್ಯಾಲೋವೀನಿಗೆ ವಾರಗಟ್ಟಲೆ ತಯಾರಿ ನಡೆಸಿ, ದೀಪಾವಳಿಯನ್ನು ಕನ್ನಡ ಕೂಟದ ಶನಿವಾರದ ಕಾರ್ಯಕ್ರಮಕ್ಕೆ ಒಪ್ಪಿಸಿಬಿಟ್ಟರೆ, ಯಾವುದು ನಮ್ಮ ಮನೆಯ ಹಬ್ಬವೆಂದು ಮಗು ತಾನೇ ತೀರ್ಮಾನಿಸುತ್ತದೆ. ಎರಡಕ್ಕೂ ಮನೆಯ ಮುಂದೆ ದೀಪ ಬೇಕು. ಒಂದೇ ಸಂಜೆಯಲ್ಲಿ ಹಣತೆಯನ್ನೂ ಕುಂಬಳವನ್ನೂ ಇಟ್ಟ ಮನೆಗಳ ಮುಂದೆ ನೆರೆಯವರು ನಿಂತು ವಿಚಾರಿಸಿ ಹೋಗುತ್ತಾರೆ. ಆದರೆ ವೇಷ ತೊಟ್ಟ ಮಕ್ಕಳು ಓಡಾಡುವ ಮೆಟ್ಟಿಲಿನ ಮೇಲೆ ಉರಿಯುವ ಹಣತೆ ಬೇಡ, ಅದನ್ನು ಕಿಟಕಿಯ ಒಳಗಿಡಿ. ಮರುದಿನ ನವೆಂಬರ್ 1, ಕನ್ನಡ ರಾಜ್ಯೋತ್ಸವ. ಕೆಂಪು-ಹಳದಿ ಬಾವುಟವನ್ನು ಹಿಡಿಯುವುದು, ಹಿಂದಿನ ಸಂಜೆಯೆಲ್ಲ ಬುಟ್ಟಿ ಹಿಡಿದ ಮಗುವಿನ ಕೈಗೆ ಆಗಲೇ ಅಭ್ಯಾಸವಾಗಿರುತ್ತದೆ.

ನಾವು ಆಚರಿಸದೇ ಇರಬಹುದೇ?

ಖಂಡಿತ. ಯೆಹೋವನ ಸಾಕ್ಷಿಗಳು ಮೊದಲಾದ ಅನೇಕರು ಆಚರಿಸುವುದಿಲ್ಲ, ಕೆಲವು ಶಾಲೆಗಳೇ ಅದನ್ನು ಬಿಟ್ಟು ಸುಗ್ಗಿಯ ಹಬ್ಬವನ್ನೋ ಕಥೆಪುಸ್ತಕದ ಪಾತ್ರಗಳ ದಿನವನ್ನೋ ಇಟ್ಟುಕೊಂಡಿವೆ. ಹೊರಗಿನ ದೀಪ ಆರಿಸಿ, ಶಿಕ್ಷಕಿಗೆ ಮೊದಲೇ ಒಂದು ಸಾಲು ಬರೆದು ತಿಳಿಸಿದರೆ ಸಾಕು.

ಕುಂಬಳಕಾಯಿ ಕೊರೆಯುವುದು ಯಾವಾಗ, ಹೇಗೆ? ಹಬ್ಬ ಮುಗಿದ ಮೇಲೆ ಅದನ್ನು ಏನು ಮಾಡುವುದು?

ಕೊರೆದ ಕುಂಬಳ ಒಂದು ವಾರಕ್ಕಿಂತ ಹೆಚ್ಚು ಬಾಳುವುದಿಲ್ಲ, ಬೆಚ್ಚಗಿನ ಊರುಗಳಲ್ಲಿ ಮೂರೇ ದಿನಕ್ಕೆ ಬೂಸಲು ಹಿಡಿಯುತ್ತದೆ; ಆದ್ದರಿಂದ 29 ಅಥವಾ 30ರಂದು ಕೊರೆಯಿರಿ. ಆರು ವರ್ಷದೊಳಗಿನವರ ಕೈಗೆ ಚಾಕು ಬೇಡ. ಮುಖವನ್ನು ಮಗು ಸ್ಕೆಚ್ ಪೆನ್ನಿನಲ್ಲಿ ಬರೆಯಲಿ, ಕತ್ತರಿಸುವುದು ನಿಮ್ಮ ಕೆಲಸ, ಒಳಗಿನ ನಾರು ಬೀಜಗಳನ್ನು ಕೈಹಾಕಿ ಬಗೆಯುವುದು ಮತ್ತೆ ಮಗುವಿನ ಕೆಲಸ. ಒಳಗಿಡುವ ದೀಪ ಬ್ಯಾಟರಿಯದಾಗಿರಲಿ, ಆದರೆ ಆ ಪುಟ್ಟ ದೀಪಗಳಲ್ಲಿ ಇರುವುದು ಗುಂಡಿಯಾಕಾರದ ಬ್ಯಾಟರಿ. ಮಗು ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ನುಂಗಿದ ಅನುಮಾನವಿದ್ದರೂ ಕಾಯದೆ ಆಸ್ಪತ್ರೆಗೆ ಓಡಬೇಕು. ಸ್ಕ್ರೂ ಬಿಚ್ಚದೆ ತೆರೆಯಲಾಗದ ದೀಪವನ್ನೇ ಕೊಳ್ಳಿ.

ಅಡುಗೆಗೆ ಕೊರೆಯುವ ಕುಂಬಳ ಅಷ್ಟಕ್ಕಷ್ಟೆ. ಅದು ನೀರು ನೀರಾಗಿ, ರುಚಿಯಿಲ್ಲದೆ ಇರುತ್ತದೆ. ಹುಳಿ, ಪಲ್ಯಕ್ಕೆ ಪೈ ಪಂಪ್ಕಿನ್ ಎಂದು ಮಾರುವ ಸಣ್ಣ ಗಾತ್ರದ್ದನ್ನು ಬೇರೆಯಾಗಿ ತನ್ನಿ. ಬೀಜಗಳನ್ನು ಮಾತ್ರ ಬಿಡಬೇಡಿ: ತೊಳೆದು, ಒರೆಸಿ ಆರಿಸಿ, ಎಣ್ಣೆ, ಉಪ್ಪು, ಖಾರದಪುಡಿ ಸವರಿ ಓವನ್ನಿನಲ್ಲಿ ಹುರಿದರೆ ದೊಡ್ಡವರ ಕಾಫಿಗೆ ಜೊತೆಯಾಗುತ್ತದೆ.

ಮೇಣ, ಬಣ್ಣ ತಾಗದ ಕುಂಬಳವನ್ನು ಕಾಂಪೋಸ್ಟಿಗೆ ಹಾಕಬಹುದು. ನವೆಂಬರಿನ ಮೊದಲ ಶನಿವಾರ ಹಳೆಯ ಕುಂಬಳಗಳನ್ನು ಎತ್ತಿ ಎಸೆದು ಒಡೆಯುವ ಕಾರ್ಯಕ್ರಮವನ್ನು ಕೆಲವು ಊರುಗಳಲ್ಲಿ ನಡೆಸುತ್ತಾರೆ, ಮತ್ತು ಪುಟ್ಟ ಮಕ್ಕಳಿಗೆ ಇಡೀ ಹಬ್ಬದಲ್ಲಿ ಅತ್ಯಂತ ಇಷ್ಟವಾಗುವುದು ಬಹುಶಃ ಅದೇ. ಆಯುಧಪೂಜೆಯ ದಿನ ಕಂಡಕಂಡ ವೃತ್ತದಲ್ಲಿ ಕುಂಬಳ ಒಡೆದು ಬಿಟ್ಟು ಹೋಗುವ ನಾಡಿನಿಂದ ಬಂದ ಅಪ್ಪಂದಿರಿಗೆ ಎಸೆಯುವುದನ್ನು ಯಾರೂ ಕಲಿಸಬೇಕಿಲ್ಲ. ಚೂರುಗಳನ್ನು ಹೆಕ್ಕಿ ಕಾಂಪೋಸ್ಟ್ ಗಾಡಿಗೆ ತುಂಬುವುದನ್ನು ಮಾತ್ರ ಮಕ್ಕಳ ಜೊತೆಗೆ ತಾವೂ ಅಲ್ಲೇ ಕಲಿಯಬೇಕಾಗುತ್ತದೆ.